ತೂಕ ಕೇಳಿ, ಗ್ಯಾರೇಜ್ ಕೇಳಿ, ಆಮೇಲೆ ಕಾರು ತಗೊಳ್ಳಿ

ಅಕ್ಕನ ಮಗ ಒಂದು ಭಾನುವಾರ ಬೆಳಿಗ್ಗೆ ಮನೆಗೆ ಬಂದ. ಕಾಫಿ ಲೋಟ ಕೈಗೆ ಬರುವ ಮೊದಲೇ ಮೊಬೈಲ್ ತೆಗೆದು ಮೂರು ಕಾರುಗಳ ಫೋಟೊ ತೋರಿಸಿದ. ಒಂದು ದೊಡ್ಡ ಬ್ಯಾಟರಿಯ ಎಲೆಕ್ಟ್ರಿಕ್ ಎಸ್‌ಯುವಿ. ಇನ್ನೊಂದು ಹೊಸ ಸ್ವಿಫ್ಟ್. ಮೂರನೆಯದು ಶಿವಮೊಗ್ಗದಲ್ಲಿ ಯಾರೋ ಮಾರಲು ಇಟ್ಟಿರುವ 2003ರ ಮಾರುತಿ ಝೆನ್.

"ಮಾವ, ನೀವೇ ಹೇಳಿ. ಯಾವುದು?"

ಅವನ ಮನೆ ಕಟಪಾಡಿಯಲ್ಲಿ. ಕೆಲಸ ಮಣಿಪಾಲದಲ್ಲಿ. ದಿನಕ್ಕೆ ಹೋಗಿ ಬರಲು 30 ಕಿಲೋಮೀಟರ್ ಆಸುಪಾಸು. ಎರಡು ತಿಂಗಳಿಗೊಮ್ಮೆ ಬೆಂಗಳೂರು. ಆದರೆ ಮನಸ್ಸು ಯಾವಾಗಲೂ ಆಗುಂಬೆ ಘಾಟಿಯಲ್ಲಿ. ಆ ಹುಚ್ಚು ಅವನಿಗೆ ನನ್ನಿಂದಲೇ ಅಂಟಿದ್ದು. ಐದನೇ ಕ್ಲಾಸಿನಲ್ಲಿದ್ದಾಗ ನನ್ನ ಝೆನ್‌ನಲ್ಲಿ ಪಕ್ಕದಲ್ಲಿ ಕೂತು, ಸೋಮೇಶ್ವರ ದಾಟಿದ ಮೇಲೆ ಒಂದೊಂದೇ ತಿರುವು ಎಣಿಸುತ್ತಿದ್ದ. ಹದಿನಾಲ್ಕಕ್ಕೆ ಬಂದಾಗ ಚಪ್ಪಾಳೆ ತಟ್ಟುತ್ತಿದ್ದ.

ಮೂರೂ ಬಗೆಯ ಕಾರುಗಳ ಜತೆ ನನಗೆ ಒಡನಾಟ ಇದೆ. ಝೆನ್ ಇಪ್ಪತ್ತು ವರ್ಷದಿಂದ ಮನೆಯಲ್ಲಿದೆ. ಮೂರು ವರ್ಷದಿಂದ ಒಂದು ಎಲೆಕ್ಟ್ರಿಕ್ ಕಾರೂ ಇದೆ, ಅದನ್ನು ಹೆಚ್ಚಾಗಿ ಹೆಂಡತಿ ಓಡಿಸುತ್ತಾಳೆ. ಭಾನುವಾರ ಬೆಳಿಗ್ಗೆ ಹೆಬ್ರಿಯಲ್ಲಿ ಚಹಾಕ್ಕೆ ಸೇರುವ ನಮ್ಮ ಗೆಳೆಯರ ಗುಂಪಿನಲ್ಲಿ ಸ್ವಿಫ್ಟ್, ಪೋಲೊ, ಹಳೆಯ ಫಿಯೆಟ್ ಎಲ್ಲವೂ ಇವೆ. ಅಲ್ಲಿ ಪ್ರತಿ ವಾರ ಇದೇ ಜಗಳ. ಒಬ್ಬರು ಎಲೆಕ್ಟ್ರಿಕ್ ಕಾರಿಗೆ ಜೀವವೇ ಇಲ್ಲ ಎನ್ನುತ್ತಾರೆ. ಇನ್ನೊಬ್ಬರು ಪೆಟ್ರೋಲ್ ಕಾಲ ಮುಗಿಯಿತು ಮಾರಾಯ್ರೆ ಎನ್ನುತ್ತಾರೆ. ಇಷ್ಟು ವರ್ಷ ಕೇಳಿ, ಓಡಿಸಿ, ಕೈ ಮಸಿ ಮಾಡಿಕೊಂಡ ಮೇಲೆ ನನಗೆ ಅನಿಸಿದ್ದು ಇಷ್ಟು. ಪೆಟ್ರೋಲೋ ಕರೆಂಟೋ ಎಂಬ ಪ್ರಶ್ನೆಯನ್ನು ಮೂರನೆಯದಾಗಿ ಇಡಿ. ಮೊದಲು ಕಾರಿನ ತೂಕ ಎಷ್ಟು ಅಂತ ಕೇಳಿ. ಎರಡನೆಯದು, ಅದು ಕೆಟ್ಟು ನಿಂತಾಗ ಯಾರು ಬಂದು ಸರಿ ಮಾಡುತ್ತಾರೆ ಅಂತ ಕೇಳಿ.

ಮೊದಲು ನಮ್ಮ ಊರಿನ ಗುಣ

ಬೆಂಗಳೂರಿನವರು ಬರೆದ ಸಲಹೆ ಓದಿ ಕರಾವಳಿಯಲ್ಲಿ ಕಾರು ತೆಗೆದುಕೊಂಡರೆ ಎರಡನೇ ಮಳೆಗಾಲಕ್ಕೆ ತಪ್ಪು ಗೊತ್ತಾಗುತ್ತದೆ. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ಕಡಲಿನ ಉಪ್ಪುಗಾಳಿ ವರ್ಷವಿಡೀ ಇರುತ್ತದೆ. ಮಲ್ಪೆ ಬಂದರಿನಿಂದ, ಮಂಗಳೂರಿನ ಧಕ್ಕೆಯಿಂದ (ಮೀನುಗಾರಿಕಾ ಬಂದರು) ಹೊರಡುವ ಮೀನಿನ ಲಾರಿಗಳು ಹೆದ್ದಾರಿ 66ರ ಉದ್ದಕ್ಕೂ ಉಪ್ಪುನೀರು ಚೆಲ್ಲುತ್ತಾ ಹೋಗುತ್ತವೆ. ಅದರ ಹಿಂದೆ ಹೋದ ಕಾರಿನ ಅಡಿಗೆ ಆ ನೀರೆಲ್ಲ ಸಿಡಿಯುತ್ತದೆ. ಆ ನೀರು ಬಿದ್ದ ಜಾಗದಲ್ಲಿ ಬ್ರೇಕ್ ಹಿಡಿದರೆ ಜಾರುತ್ತದೆ ಕೂಡ.

ಜೂನ್, ಜುಲೈನಲ್ಲಿ ಕೊಟ್ಟಾರ ಚೌಕಿ, ಪಡೀಲ್ ಅಂಡರ್‌ಪಾಸ್ ಎಲ್ಲ ನೀರು ತುಂಬಿ ಹೇಗಿರುತ್ತವೆ ಅಂತ ಮಂಗಳೂರಿನವರಿಗೆ ಹೇಳಬೇಕಾಗಿಲ್ಲ. ಆಮೇಲೆ ಘಾಟಿ. ಶಿರಾಡಿ, ಚಾರ್ಮಾಡಿ, ಆಗುಂಬೆ, ಸಂಪಾಜೆ, ಎತ್ತ ಹೋದರೂ ಹತ್ತಲೇಬೇಕು. ತುಕ್ಕು, ನೀರು, ಏರು. ಈ ಮೂರನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಎಲೆಕ್ಟ್ರಿಕ್ ಕಾರು

ಮೊದಲು ಒಳ್ಳೆಯ ಮಾತು. ಖರ್ಚಿನ ವಿಷಯದಲ್ಲಿ ಇದರ ಹತ್ತಿರ ಯಾವುದೂ ಬರುವುದಿಲ್ಲ. ಚಾರ್ಜ್ ಆಗುವಾಗ ಪೋಲಾಗುವುದನ್ನೂ ಸೇರಿಸಿ, ಒಂದು ಯೂನಿಟ್‌ಗೆ 6 ಕಿಲೋಮೀಟರ್ ಅಂತ ಲೆಕ್ಕ ಹಾಕಿ. ಮನೆಯ ಕರೆಂಟು ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದರೆ ಕಿಲೋಮೀಟರಿಗೆ 1 ರೂಪಾಯಿ 20 ಪೈಸೆ ಬಿತ್ತು. ಲೀಟರಿಗೆ 17 ಕೊಡುವ ಪೆಟ್ರೋಲ್ ಕಾರಿಗೆ ಕಿಲೋಮೀಟರಿಗೆ 6 ರೂಪಾಯಿ ಬೀಳುತ್ತದೆ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವವರಿಗೆ ಸುಮಾರು 4,800 ರೂಪಾಯಿ ಉಳಿತಾಯ. ಆದರೆ ಇದು ಮನೆಯಲ್ಲೇ ಚಾರ್ಜ್ ಮಾಡುವವರ ಲೆಕ್ಕ. ಹೊರಗಿನ ಫಾಸ್ಟ್ ಚಾರ್ಜರ್‌ನಲ್ಲಿ ಯೂನಿಟ್‌ನ ದರ ಮನೆಯದಕ್ಕಿಂತ ಎರಡು ಮೂರು ಪಟ್ಟು ಇರುತ್ತದೆ. ಫ್ಲ್ಯಾಟ್‌ನಲ್ಲಿದ್ದು, ಪಾರ್ಕಿಂಗ್‌ನಲ್ಲಿ ಪ್ಲಗ್ ಹಾಕಲು ಅಸೋಸಿಯೇಷನ್ ಒಪ್ಪದಿದ್ದರೆ, ಈ ಉಳಿತಾಯದ ಆಸೆಯನ್ನು ಅರ್ಧ ಬಿಟ್ಟುಬಿಡಿ.

ಘಾಟಿಯ ಬಗ್ಗೆ ಜನರಿಗೆ ಭಯ ಜಾಸ್ತಿ. ಹತ್ತುವಾಗ ಚಾರ್ಜ್ ಎಲ್ಲ ಖಾಲಿಯಾಗುತ್ತದೆ ಅಂತ. ನಾನು ಕೂತು ಲೆಕ್ಕ ಹಾಕಿದೆ. ಮೊದಲ ನೆಕ್ಸಾನ್ ಇವಿ 2020ರಲ್ಲಿ ಬಂದಾಗ ಅದರ ತೂಕ ಸುಮಾರು 1,400 ಕೆಜಿ. ಇಬ್ಬರು ಕೂತರೆ 1,550. ಇದನ್ನು ಉಡುಪಿಯಿಂದ ಆಗುಂಬೆಗೆ, ಅಂದರೆ ಸುಮಾರು 640 ಮೀಟರ್ ಎತ್ತರಕ್ಕೆ ಎತ್ತಲು ಬೇಕಾಗುವುದು ಎರಡೂ ಮುಕ್ಕಾಲು ಯೂನಿಟ್ ಅಷ್ಟೇ. ಅದರ ಬ್ಯಾಟರಿ 30 ಯೂನಿಟ್‌ನದು. ಸಕಲೇಶಪುರದ ಎತ್ತರಕ್ಕಾದರೆ 4 ಯೂನಿಟ್. ಸಮತಟ್ಟು ರಸ್ತೆಯ ಖರ್ಚು ಬೇರೆ, ಇದು ಏರಿಗೆ ಮಾತ್ರ ಹೆಚ್ಚುವರಿ. ಇಳಿಯುವಾಗ ಮೋಟಾರೇ ಡೈನಮೋ ಆಗಿ ಅದರಲ್ಲಿ ಒಳ್ಳೆಯ ಪಾಲನ್ನು ವಾಪಸ್ ಕೊಡುತ್ತದೆ. ಬ್ರೇಕ್ ಬಿಸಿಯಾಗುವುದಿಲ್ಲ. ಸುಟ್ಟ ವಾಸನೆ ಇಲ್ಲ. ನಮ್ಮ ಕಾರಿನಲ್ಲಿ ಆಗುಂಬೆ ಇಳಿಯುವಾಗ ಬ್ರೇಕ್ ಪೆಡಲ್ ಮುಟ್ಟುವುದು ಹೇರ್‌ಪಿನ್ ತಿರುವುಗಳಲ್ಲಿ ಮಾತ್ರ.

ಒಂದು ವಿಷಯ ನೆನಪಿಡಿ. ತೀರ್ಥಹಳ್ಳಿಯಲ್ಲೋ ಶೃಂಗೇರಿಯಲ್ಲೋ ರಾತ್ರಿ ಉಳಿದು ಬ್ಯಾಟರಿ ಪೂರ್ತಿ ತುಂಬಿಸಿಕೊಂಡು ಹೊರಟರೆ, ಇಳಿಯುವಾಗ ವಾಪಸ್ ಬರುವ ಕರೆಂಟಿಗೆ ಜಾಗ ಸಾಲುವುದಿಲ್ಲ. ಮೋಟಾರು ಕಾರನ್ನು ಮೊದಲಿನ ಹಾಗೆ ಹಿಡಿದು ನಿಧಾನ ಮಾಡುವುದಿಲ್ಲ. ಘಾಟಿಯ ಮೇಲೆ ಚಾರ್ಜ್ ಮಾಡಿದರೆ ಶೇ 85, 90ಕ್ಕೆ ನಿಲ್ಲಿಸಿ.

ಈಗ ಕಷ್ಟದ ಮಾತು. ಅದು ಶುರುವಾಗುವುದು ಕಾರಿನಲ್ಲಿ ಅಲ್ಲ, ಮನೆಯ ಅರ್ಥಿಂಗ್‌ನಲ್ಲಿ. ನಮ್ಮದು ಕೆಂಪುಕಲ್ಲಿನ ನೆಲ. ಏಪ್ರಿಲ್, ಮೇಯಲ್ಲಿ ಒಣಗಿ ಬಂಡೆಯಂತಾಗುತ್ತದೆ. ಹಳೆಯ ಹಂಚಿನ ಮನೆಗಳಲ್ಲಿ ಅರ್ಥ್ ಗುಂಡಿ ತೆಗೆದು ಮೂವತ್ತು ನಲವತ್ತು ವರ್ಷ ಆಗಿರುತ್ತದೆ. ಫ್ರಿಜ್, ಮಿಕ್ಸಿ ಎಲ್ಲ ನಡೆಯುತ್ತವೆ. ಕಾರಿನ ಚಾರ್ಜರ್ ಮಾತ್ರ ಕೆಂಪು ದೀಪ ಹಾಕಿ ನಿಂತುಬಿಡುತ್ತದೆ. ಅದು ಚಾರ್ಜರ್‌ನ ತಪ್ಪಲ್ಲ, ಅದು ನಮ್ಮ ಜೀವ ಕಾಯುತ್ತಿದೆ. ಕಾರು ಬುಕ್ ಮಾಡುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಅಳತೆ ಮಾಡಿಸಿ. ಬೇಸಿಗೆಯಲ್ಲೇ ಮಾಡಿಸಿ. ಮಳೆಗಾಲದಲ್ಲಿ ಎಲ್ಲರ ಅರ್ಥಿಂಗೂ ಚೆನ್ನಾಗಿಯೇ ಇರುತ್ತದೆ.

ಇನ್ನೊಂದು ಸಿಡಿಲು. ಮೇ ತಿಂಗಳ ಸಂಜೆ, ಅಕ್ಟೋಬರ್ ಸಂಜೆ ಗುಡುಗು ಶುರುವಾದರೆ ಟಿವಿ ಪ್ಲಗ್ ತೆಗೆಯುವುದು ನಮ್ಮ ಮನೆಗಳ ಅಭ್ಯಾಸ. ಕಾರಿನ ಪ್ಲಗ್ಗನ್ನೂ ತೆಗೆಯಿರಿ. ಮೀಟರ್ ಬೋರ್ಡಿನಲ್ಲಿ, ವೋಲ್ಟೇಜ್ ಏಕಾಏಕಿ ಏರಿದರೆ ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಒಂದೆರಡು ದಿನ ಕರೆಂಟ್ ಇಲ್ಲದಿರುವುದೂ ಉಂಟು. ಹಳ್ಳಿಯ ಕಡೆ ಇರುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬಾರದು.

ನೀರಿನ ಬಗ್ಗೆ ಜನರ ಭಯ ಸ್ವಲ್ಪ ತಲೆಕೆಳಗಾಗಿದೆ. ಹೆಚ್ಚಿನ ಕಾರುಗಳ ಬ್ಯಾಟರಿ ಪೆಟ್ಟಿಗೆಗೆ ಐಪಿ67 ಗುರುತು ಇರುತ್ತದೆ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇಟ್ಟರೂ ಒಳಗೆ ನೀರು ಹೋಗಬಾರದು ಎಂಬ ಪರೀಕ್ಷೆ ಅದು. ಪೆಟ್ರೋಲ್ ಕಾರಿನಲ್ಲಿ ಏರ್ ಫಿಲ್ಟರ್ ದಾರಿಯಿಂದ ನೀರು ಸಿಲಿಂಡರ್‌ಗೆ ನುಗ್ಗಿದರೆ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ನೇ ಹೋಗುತ್ತದೆ. ಎಲೆಕ್ಟ್ರಿಕ್ ಕಾರಿಗೆ ಆ ಅಪಾಯ ಇಲ್ಲ. ಹಾಗಂತ ಕೊಟ್ಟಾರ ಚೌಕಿಯ ನೀರಿಗೆ ಇಳಿಸಬೇಡಿ. ಪರೀಕ್ಷೆ ಮಾಡಿದ್ದು ಹೊಸ ಪೆಟ್ಟಿಗೆಯನ್ನು, ಅದೂ ಸಿಹಿನೀರಿನಲ್ಲಿ. ಐದು ವರ್ಷ ಹಂಪ್‌ಗಳಿಗೆ ಹೊಟ್ಟೆ ತಾಗಿಸಿಕೊಂಡ ಪೆಟ್ಟಿಗೆಯ ಸೀಲ್ ಹೇಗಿದೆ ಅಂತ ಕಣ್ಣಿಗೆ ಕಾಣುವುದಿಲ್ಲ.

ಈ ಹೊಟ್ಟೆ ತಾಗುವ ವಿಷಯ ದೊಡ್ಡದು. ಬ್ಯಾಟರಿ ಕಾರಿನ ಅಡಿಯಲ್ಲೇ ಇದೆ. ಕಾರಿನ ಬೆಲೆಯಲ್ಲಿ ದೊಡ್ಡ ಪಾಲು ಅದರದ್ದು. ಮನೆಗೆ ಹೋಗುವ ಕಚ್ಚಾ ದಾರಿಯಲ್ಲಿ ಕಲ್ಲು ಎದ್ದಿದ್ದರೆ ಮೊದಲು ಆ ದಾರಿ ಸರಿ ಮಾಡಿಸಿ.

ನಮ್ಮ ಮನೆಯ ಕಾರು ಒಮ್ಮೆ ಜೂನ್ ತಿಂಗಳ ಬೆಳಿಗ್ಗೆ ಬಾಗಿಲೇ ತೆರೆಯದೆ ನಿಂತಿತು. ದೊಡ್ಡ ಬ್ಯಾಟರಿಯಲ್ಲಿ ಮುಕ್ಕಾಲು ಪಾಲು ಚಾರ್ಜ್ ಇತ್ತು. ಕಂಪನಿಯ ಸರ್ವಿಸ್‌ಗೆ ಫೋನ್ ಮಾಡಿದರೆ, ಲಾರಿ ಕಳಿಸಿ ಎತ್ತಿಕೊಂಡು ಹೋಗಬೇಕು, ನಾಲ್ಕು ದಿನ ಆಗುತ್ತದೆ ಅಂದರು. ಹೆಂಡತಿಗೆ ಆಫೀಸಿಗೆ ಹೋಗಬೇಕು. ಕೊನೆಗೆ ನನ್ನ ಝೆನ್ ನೋಡುವ ಗ್ಯಾರೇಜಿನ ಅಣ್ಣ ಬಂದರು. ಕೀಯ ಒಳಗಿನ ಸಣ್ಣ ಕೀಲಿಯಿಂದ ಬಾಗಿಲು ತೆಗೆದು, ಬಾನೆಟ್ ಎತ್ತಿ, ಮೀಟರ್ ಹಿಡಿದು ನೋಡಿ, "ಇದು ಹನ್ನೆರಡು ವೋಲ್ಟಿನ ಸಣ್ಣ ಬ್ಯಾಟರಿ ಸತ್ತದ್ದು ಮಾರಾಯ್ರೆ" ಅಂದರು. ಹತ್ತು ನಿಮಿಷದ ಕೆಲಸ. ಹೆಚ್ಚುಕಡಿಮೆ ಎಲ್ಲ ಎಲೆಕ್ಟ್ರಿಕ್ ಕಾರುಗಳಲ್ಲೂ ಇಂಥ ಸಣ್ಣ ಬ್ಯಾಟರಿ ಇದೆ. ಬೀಗ, ದೀಪ, ಕಂಪ್ಯೂಟರ್ ಎಲ್ಲ ಅದರ ಮೇಲೆ ನಡೆಯುತ್ತವೆ. ಅದು ಸತ್ತರೆ ದೊಡ್ಡದು ಕೆಲಸಕ್ಕೇ ಬರುವುದಿಲ್ಲ. ಮೂರು ವರ್ಷಕ್ಕೊಮ್ಮೆ ಅದನ್ನು ನೀವಾಗಿಯೇ ಬದಲಾಯಿಸಿ.

ಆದರೆ ಕಿತ್ತಳೆ ಬಣ್ಣದ ವೈರ್ ಕಂಡರೆ ಅದೇ ಅಣ್ಣ ಕೈ ಹಿಂದಕ್ಕೆ ತೆಗೆಯುತ್ತಾರೆ. ಅದು ಸರಿಯೂ ಹೌದು. ಅಲ್ಲಿ ಹರಿಯುವುದು ಮುನ್ನೂರು ವೋಲ್ಟಿಗಿಂತ ಹೆಚ್ಚು, ಮುಟ್ಟಿದರೆ ಜೀವ ಹೋಗುತ್ತದೆ. ಅದಕ್ಕೆ ಬೇರೆ ಗ್ಲೌಸ್, ಬೇರೆ ಟೂಲ್ಸ್, ಬೇರೆ ತರಬೇತಿ ಬೇಕು. ನಮ್ಮ ಬೀದಿಯ ಗ್ಯಾರೇಜಿನ ಹುಡುಗರಿಗೆ ಆ ತರಬೇತಿ ಸಿಗಬೇಕು ಅಂತ ನನಗೆ ಬಹಳ ಆಸೆ. ಬೆಂಗಳೂರಿನಲ್ಲೇ ತಯಾರಾದ ರೇವಾ ಕಾರು 2001ರಲ್ಲೇ ರಸ್ತೆಗೆ ಬಂದಿತ್ತು. ಅಷ್ಟು ಹಿಂದೆ ಶುರು ಮಾಡಿದ ರಾಜ್ಯ ನಮ್ಮದು. ಆದರೂ ಇವತ್ತು ವಾರಂಟಿ ಮುಗಿದ ಎಲೆಕ್ಟ್ರಿಕ್ ಕಾರನ್ನು ಬೀದಿಯ ಗ್ಯಾರೇಜಿಗೆ ಧೈರ್ಯವಾಗಿ ಒಯ್ಯಲು ಆಗುವುದಿಲ್ಲ. ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತಾರೆ. ಕಾರನ್ನು ಅಷ್ಟು ಕಾಲ ಇಟ್ಟುಕೊಳ್ಳುವುದಾದರೆ ಚಿಂತೆ ಕಡಿಮೆ. ಅದರಾಚೆ ಇಟ್ಟುಕೊಳ್ಳುವ ಆಸೆ ಇದ್ದರೆ ಈಗಲೇ ಯೋಚಿಸಿ.

ಬ್ರೇಕ್ ಬಗ್ಗೆ ಒಂದು ಮಾತು ಬಿಟ್ಟುಹೋಯಿತು. ಮೋಟಾರೇ ಕಾರನ್ನು ನಿಧಾನ ಮಾಡುವುದರಿಂದ ಬ್ರೇಕ್ ಡಿಸ್ಕ್‌ಗೆ ಕೆಲಸ ಕಡಿಮೆ. ಕೆಲಸ ಇಲ್ಲದ ಕಬ್ಬಿಣಕ್ಕೆ ನಮ್ಮ ಗಾಳಿಯಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆ ಖಾಲಿ ರಸ್ತೆಯಲ್ಲಿ ನಾಲ್ಕೈದು ಸಲ ಗಟ್ಟಿಯಾಗಿ ಬ್ರೇಕ್ ಹಿಡಿಯಿರಿ.

ರಿಪೇರಿ ಮಾಡಿ ಓಡಿಸುವ ಹಳೆಯ ಕಾರು

ಝೆನ್ 1993ರಲ್ಲಿ ಬಂತು. 993 ಸಿಸಿ ಎಂಜಿನ್. ಇದೇ ಕಾರು ಆಲ್ಟೊ ಎಂಬ ಹೆಸರಿನಲ್ಲಿ ಯುರೋಪಿಗೂ ಹೋಗಿತ್ತು. ನನ್ನದರ ಬಾನೆಟ್ ತೆಗೆದರೆ ಪ್ರತಿ ಭಾಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಕ್ಲಚ್ ಕೇಬಲ್ ತುಂಡಾದರೆ ಮೂಡುಬಿದಿರೆಯಲ್ಲೂ ಸಿಗುತ್ತದೆ, ಕುಂದಾಪುರದಲ್ಲೂ ಸಿಗುತ್ತದೆ. ಗ್ಯಾರೇಜಿನ ಅಣ್ಣ ಕಾರಿನ ಶಬ್ದ ಕೇಳಿಯೇ ಎಡಗಡೆಯ ಎಕ್ಸೆಲ್ ಬೂಟ್ ರಬ್ಬರ್ ಹರಿದಿದೆ ಅನ್ನುತ್ತಾರೆ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಈ ಕಾರು ನನ್ನನ್ನು ರಸ್ತೆಯಲ್ಲಿ ರಾತ್ರಿ ಕಳೆಯುವಂತೆ ಮಾಡಿಲ್ಲ.

ಆದರೆ ಪ್ರೀತಿ ಬೇರೆ, ಲೆಕ್ಕ ಬೇರೆ. ಹದಿನೈದು ವರ್ಷ ದಾಟಿದ ಕಾರಿಗೆ ಐದು ವರ್ಷಕ್ಕೊಮ್ಮೆ ಫಿಟ್‌ನೆಸ್ ನೋಡಿ ಆರ್‌ಸಿ ನವೀಕರಿಸಬೇಕು. ಅದರ ಶುಲ್ಕ 2022ರಲ್ಲಿ 5,000 ರೂಪಾಯಿ ಆಯಿತು. ಇಪ್ಪತ್ತು ವರ್ಷ ದಾಟಿದರೆ 2025ರಿಂದ 10,000. ಮೇಲೆ ಹಸಿರು ತೆರಿಗೆ. ಇನ್ನು ಪೆಟ್ರೋಲ್. ಈಗ ಬರುವುದು ಶೇ 20 ಎಥೆನಾಲ್ ಸೇರಿದ್ದು. ಹಳೆಯ ಕಾರಿನ ರಬ್ಬರ್ ಪೈಪ್, ಸೀಲ್‌ಗಳನ್ನು ಅದಕ್ಕೆಂದು ಮಾಡಿದ್ದಲ್ಲ. ನಾನು ಎಲ್ಲ ಪೈಪ್ ಬದಲಾಯಿಸಿದೆ. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಕಾರನ್ನು ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿಡಿ, ಒಳಗೆ ಗಾಳಿಗೆ ಜಾಗ ಕಡಿಮೆ ಇರಲಿ.

ಎಂಜಿನ್ ಕೆಟ್ಟರೆ ಸರಿ ಮಾಡಬಹುದು. ತುಕ್ಕು ಹಿಡಿದರೆ ಮಾತ್ರ ಕಷ್ಟ. ಹಾಗಾಗಿ ನಮ್ಮ ಕಡೆಯವರು ಹಳೆಯ ಕಾರು ಹುಡುಕುವಾಗ ಘಟ್ಟದ ಮೇಲಿನ ಗಾಡಿ ಕೇಳುತ್ತಾರೆ. ಕೆಎ 19, ಕೆಎ 20, ಅಂದರೆ ಮಂಗಳೂರು, ಉಡುಪಿ ನಂಬರಿನ ಕಾರು ಹೊರಗೆ ಮಿರಮಿರ ಹೊಳೆಯುತ್ತಿದ್ದರೂ ಅಡಿ ನೋಡದೆ ದುಡ್ಡು ಕೊಡಬೇಡಿ. ಒಂದು ಟಾರ್ಚ್, ಒಂದು ಮ್ಯಾಗ್ನೆಟ್ ತೆಗೆದುಕೊಂಡು ಹೋಗಿ. ಮ್ಯಾಟ್ ಎತ್ತಿ ನೆಲ ನೋಡಿ. ಸ್ಟೆಪ್ನಿ ತೆಗೆದು ಅದರ ಗುಂಡಿ ನೋಡಿ. ಬಾಗಿಲಿನ ಕೆಳಗಿನ ಅಂಚು, ವೈಪರ್‌ನ ಕೆಳಗಿನ ಮೂಲೆ, ಮುಂದಿನ ಸಸ್ಪೆನ್ಷನ್ ಕೂರುವ ಜಾಗ. ಮ್ಯಾಗ್ನೆಟ್ ಅಂಟದ ಕಡೆ ತಗಡಿನ ಬದಲು ಪುಟ್ಟಿ ತುಂಬಿದ್ದಾರೆ ಅಂತ ಅರ್ಥ. ಸಸ್ಪೆನ್ಷನ್ ಜಾಗದಲ್ಲಿ ಪುಟ್ಟಿ ಇದ್ದರೆ ಬೆಲೆ ಎಷ್ಟು ಇಳಿಸಿದರೂ ಬೇಡ.

ಮನೆಯಲ್ಲಿ ಒಂದೇ ಕಾರು ಇರುವವರಿಗೆ, ಬೆಳಿಗ್ಗೆ ಎಂಟಕ್ಕೆ ಮಕ್ಕಳನ್ನು ಶಾಲೆಗೆ ಬಿಡಲೇಬೇಕಾದವರಿಗೆ ನಾನು ಇದನ್ನು ಹೇಳುವುದಿಲ್ಲ. ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ನೋಡುವ ಎಬಿಎಸ್ ಇಲ್ಲ. ಹೆದ್ದಾರಿಯಲ್ಲಿ ಇವತ್ತಿನ ವೇಗಕ್ಕೆ ಅದರ ಬಾಡಿ ತಡೆಯುವುದಿಲ್ಲ. ನಾನು ನನ್ನ ಝೆನ್‌ನಲ್ಲಿ ಹೆದ್ದಾರಿ 66 ಹಿಡಿಯುವುದು ಬೆಳಿಗ್ಗೆ ಆರರ ಒಳಗೆ ಮಾತ್ರ.

ಹಗುರ ಕಾರು, ಮತ್ತು ಅದನ್ನು ಇಷ್ಟಪಡುವವರು

ಎಷ್ಟು ಮಾತಾಡಿದರೂ ನನಗೆ ಮುಗಿಯದ ವಿಷಯ ಇದು.

1996ರಲ್ಲಿ ಇಂಗ್ಲೆಂಡಿನ ಲೋಟಸ್ ಕಂಪನಿ ಎಲೀಸ್ ಎಂಬ ಕಾರು ತಂದಿತು. 1.8 ಲೀಟರ್‌ನ ಸಾಮಾನ್ಯ ರೋವರ್ ಎಂಜಿನ್, 118 ಅಶ್ವಶಕ್ತಿ. ಕಾಗದದಲ್ಲಿ ದೊಡ್ಡ ಸಂಖ್ಯೆ ಏನಲ್ಲ. ಆದರೆ ಅಲ್ಯುಮಿನಿಯಂ ಭಾಗಗಳನ್ನು ಅಂಟಿನಿಂದ ಜೋಡಿಸಿದ ಚಾಸಿಸ್, ಅಂದರೆ ಕಾರಿನ ಅಸ್ಥಿಪಂಜರ. ಇಡೀ ಕಾರಿನ ತೂಕ ಸುಮಾರು 725 ಕೆಜಿ. ಜಗತ್ತಿನಲ್ಲಿ ಕಾರು ಪ್ರೀತಿಸುವವರು ಇವತ್ತಿಗೂ ಅದರ ಮಾತಾಡುತ್ತಾರೆ. 1989ರಲ್ಲಿ ಬಂದ ಮಾಝ್ದಾ ಎಂಎಕ್ಸ್-5 ಕೂಡ ಇದೇ ಜಾತಿಯದು. ಹತ್ತು ಲಕ್ಷಕ್ಕಿಂತ ಹೆಚ್ಚು ಮಾರಾಟವಾದರೂ ಕಂಪನಿ ಅದನ್ನು ಭಾರತಕ್ಕೆ ತರಲೇ ಇಲ್ಲ.

ಅದೇ ಎಲೀಸ್‌ನ ಚಾಸಿಸ್ ಆಧಾರದ ಮೇಲೆ ಟೆಸ್ಲಾ ತನ್ನ ಮೊದಲ ರೋಡ್‌ಸ್ಟರ್ ಮಾಡಿತು, 2008ರಲ್ಲಿ. ಬ್ಯಾಟರಿ ಒಂದೇ ಸುಮಾರು 450 ಕೆಜಿ. ಕಾರು 1,300 ಕೆಜಿ ಹತ್ತಿರ ಬಂತು. ನೇರ ರಸ್ತೆಯಲ್ಲಿ ಎಲೀಸ್‌ಗಿಂತ ತುಂಬಾ ಚುರುಕು. ತಿರುವಿನಲ್ಲಿ ಎಲೀಸ್‌ನ ಆ ನಾಜೂಕು ಉಳಿಯಲಿಲ್ಲ ಎಂದು ಕಾರು ಪ್ರಿಯರು ವಾದಿಸುತ್ತಾರೆ. ಹೆಬ್ರಿಯ ಚಹಾದ ಜಗಳದ ಬೇರು ಇರುವುದು ಇಲ್ಲೇ. 2025ರಲ್ಲಿ ನಮ್ಮ ದೇಶದಲ್ಲೂ ಎಂಜಿ ಸೈಬರ್‌ಸ್ಟರ್ ಎಂಬ ಎಲೆಕ್ಟ್ರಿಕ್ ಸ್ಪೋರ್ಟ್ಸ್ ಕಾರು ಬಂತು. ಬೆಲೆ ಎಪ್ಪತ್ತು ಲಕ್ಷದ ಮೇಲೆ, ತೂಕ ಎರಡು ಟನ್ ಹತ್ತಿರ. ಎರಡೇ ಸೀಟು. ಒಂದು ಎಲೀಸ್‌ನ ಮೇಲೆ ಇನ್ನೊಂದು, ಅದರ ಮೇಲೂ ಮುಕ್ಕಾಲು ಇಟ್ಟಷ್ಟು ಭಾರ.

ಭಾರ ಜಾಸ್ತಿಯಾದರೆ ಏನಾಗುತ್ತದೆ? ಮೋಟಾರಿನ ಶಕ್ತಿ ಹೆಚ್ಚಿಸಿ ಅದನ್ನು ಮುಂದೆ ತಳ್ಳಬಹುದು. ಆದರೆ ತಿರುವಿನಲ್ಲಿ ಆ ತೂಕವನ್ನು ಹಿಡಿದಿಡುವುದು ನಾಲ್ಕು ಟೈರ್ ಮಾತ್ರ. ಅದಕ್ಕೆ ಅಗಲದ ಟೈರ್ ಹಾಕುತ್ತಾರೆ. ಅಗಲದ ಟೈರಿಗೆ ಗಟ್ಟಿ ಸಸ್ಪೆನ್ಷನ್ ಬೇಕು, ದೊಡ್ಡ ಬ್ರೇಕ್ ಬೇಕು, ಅವು ಮತ್ತಷ್ಟು ಭಾರ. ಟೈರ್ ಬೇಗ ಸವೆಯುತ್ತದೆ, ಸಸ್ಪೆನ್ಷನ್‌ನ ರಬ್ಬರ್ ಬುಶ್ ಬೇಗ ಹೋಗುತ್ತದೆ. ರಸ್ತೆಗೂ ನೋವು. ಹಗುರ ಕಾರಿನಲ್ಲಿ ಇದೆಲ್ಲ ಹಿಂದುಮುಂದಾಗಿ ನಡೆಯುತ್ತದೆ. ಸಣ್ಣ ಟೈರ್ ಸಾಕು, ಸಣ್ಣ ಬ್ರೇಕ್ ಸಾಕು, ಸಣ್ಣ ಎಂಜಿನ್ ಸಾಕು, ರಿಪೇರಿಯ ಬಿಲ್ಲೂ ಸಣ್ಣದು. ಹಗುರ ಕಾರನ್ನು ನಾನು ಇಷ್ಟಪಡುವುದು ಖುಷಿಗೆ ಮಾತ್ರ ಅಲ್ಲ, ಅದು ಮಾಲೀಕನ ಜೇಬನ್ನೂ ಕಾಯುತ್ತದೆ.

ಖುಷಿ ಅಂದರೆ ಏನು ಅಂತ ಹೇಳುತ್ತೇನೆ. ಮಳೆ ನಿಂತ ಬೆಳಿಗ್ಗೆ ಆಗುಂಬೆಯ ಐದನೇ ತಿರುವು. ಎರಡನೇ ಗೇರ್. ನನ್ನ ಝೆನ್‌ಗೆ ಪವರ್ ಸ್ಟೇರಿಂಗ್ ಇಲ್ಲ. ಮುಂದಿನ ಟೈರಿನ ಕೆಳಗೆ ಒದ್ದೆ ಎಲೆ ಬಂದರೆ ಸ್ಟೇರಿಂಗ್ ಒಂದು ಕ್ಷಣ ಹಗುರವಾಗುತ್ತದೆ. ಅಂಗೈಗೆ ಗೊತ್ತಾಗುತ್ತದೆ. ಕಾಲು ತಾನಾಗಿ ಸ್ವಲ್ಪ ಹಿಂದೆ ಬರುತ್ತದೆ. ಸ್ಪೀಡೋಮೀಟರ್ ನೋಡಿದರೆ ಮೂವತ್ತೈದು. ಮೂವತ್ತೈದರಲ್ಲೇ ಇಷ್ಟು ಖುಷಿ. ಯಾರಿಗೂ ತೊಂದರೆ ಇಲ್ಲ, ಎದುರಿನ ಬಸ್ಸಿನವನಿಗೆ ಭಯ ಇಲ್ಲ. ಎರಡು ಟನ್ ಕಾರಿನಲ್ಲಿ ಇದೇ ಖುಷಿ ಬೇಕಾದರೆ ಎಪ್ಪತ್ತರಲ್ಲಿ ಹೋಗಬೇಕು, ಅದು ನಮ್ಮ ಘಾಟಿಯಲ್ಲಿ ಮಾಡಬಾರದ ಕೆಲಸ.

ಹಗುರ ಕಾರಿನ ತೊಂದರೆಯನ್ನೂ ಹೇಳಬೇಕು. ನೀರು ನಿಂತ ಹೆದ್ದಾರಿಯಲ್ಲಿ ವೇಗವಾಗಿ ಹೋದರೆ ಟೈರ್ ನೀರಿನ ಮೇಲೆ ತೇಲುತ್ತದೆ. ಹಗುರ ಕಾರಿಗೆ ಅಗಲದ ಟೈರ್ ಹಾಕಿದರೆ ಇನ್ನೂ ಬೇಗ ತೇಲುತ್ತದೆ. ಚಂದಕ್ಕೆಂದು ಅಗಲದ ಟೈರ್ ಹಾಕಿಸುವ ಹುಡುಗರು ಇದನ್ನು ದಯವಿಟ್ಟು ಕೇಳಿ. ಪಡುಬಿದ್ರಿ, ಕಾಪು ಕಡೆ ಬಯಲಿನಲ್ಲಿ ಕಡಲಗಾಳಿ ಬೀಸುವಾಗ ಪಕ್ಕದಲ್ಲಿ ಲಾರಿ ದಾಟಿದರೆ ಕಾರು ಅಲುಗಾಡುತ್ತದೆ. ಕಾರಿನ ಮೂಲ ರೂಪವನ್ನು ಬದಲಾಯಿಸುವುದಕ್ಕೆ ಕಾನೂನಿನ ಮಿತಿಯೂ ಇದೆ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟಪಡಿಸಿದೆ. ಶಬ್ದದ ಸೈಲೆನ್ಸರ್ ಹಾಕುವ ಬದಲು ಆ ದುಡ್ಡಿಗೆ ಒಳ್ಳೆಯ ಟೈರ್ ಹಾಕಿ.

ಇವತ್ತು ನಮಗೆ ಸಿಗುವ ಹಗುರ ಕಾರು ಯಾವುದು? ಸ್ಪೋರ್ಟ್ಸ್ ಕಾರು ಅಂತ ಹೆಸರಿರುವುದನ್ನು ಹುಡುಕಬೇಡಿ. ಆಲ್ಟೊ ಕೆ10 ಮುಕ್ಕಾಲು ಟನ್ ಆಸುಪಾಸು, ಹೊಸ ಸ್ವಿಫ್ಟ್ 900 ಕೆಜಿ ಆಸುಪಾಸು. ಸ್ವಿಫ್ಟ್ ನಮ್ಮಲ್ಲಿ 2005ರಿಂದ ಇದೆ, ಊರೂರಲ್ಲೂ ಬಿಡಿಭಾಗ ಸಿಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದ ಮೇಲೆ ಬೆಲೆಯೂ ಸ್ವಲ್ಪ ಕೈಗೆಟುಕುವಂತಾಗಿದೆ. ಎಲೆಕ್ಟ್ರಿಕ್ ಕಾರಿಗೆ 2019ರಿಂದ ಶೇ 5 ಇತ್ತು, ಅದು ಹಾಗೇ ಇದೆ. ಇನ್ನೂ ಚುರುಕು ಬೇಕಾದವರಿಗೆ 120 ಅಶ್ವಶಕ್ತಿಯ ಐ20 ಎನ್ ಲೈನ್ ಇದೆ. ಹಳೆಯ ಪೋಲೊ ಜಿಟಿ, ಫೋರ್ಡ್ ಫಿಗೊ ಕೂಡ ಒಳ್ಳೆಯ ಕಾರುಗಳೇ. ಆದರೆ ಪೋಲೊ 2022ರಲ್ಲಿ ನಿಂತಿತು, ಫೋರ್ಡ್ ಇಲ್ಲಿ ಕಾರು ತಯಾರಿಸುವುದನ್ನು 2021ರಲ್ಲಿ ನಿಲ್ಲಿಸುವುದಾಗಿ ಹೇಳಿತು. ಬಿಡಿಭಾಗ ಎಲ್ಲಿ ಸಿಗುತ್ತದೆ ಅಂತ ಗೊತ್ತಿರುವ ಗ್ಯಾರೇಜ್ ನಿಮ್ಮ ಊರಲ್ಲಿದ್ದರೆ ಮಾತ್ರ ಅವಕ್ಕೆ ಕೈ ಹಾಕಿ.

ಎಲೆಕ್ಟ್ರಿಕ್ ಕಾರು ಹಗುರ ಇರಲೇಬಾರದು ಅಂತೇನಿಲ್ಲ ಎಂಬುದು ನನ್ನ ನಂಬಿಕೆ. ಮಣಿಪಾಲದ ಎಂಐಟಿಯಲ್ಲಿ ಫಾರ್ಮುಲಾ ಮಣಿಪಾಲ್ ಎಂಬ ವಿದ್ಯಾರ್ಥಿಗಳ ತಂಡ ರೇಸ್ ಕಾರು ಕಟ್ಟುತ್ತದೆ, ಸೋಲಾರ್‌ಮೊಬಿಲ್ ತಂಡ ಸೌರಶಕ್ತಿಯ ಕಾರು ಕಟ್ಟುತ್ತದೆ. ಇಂಥ ಕಾರು ಕಟ್ಟುವಾಗ ಗ್ರಾಂ ಗ್ರಾಂ ಲೆಕ್ಕ ಹಾಕಿ ತೂಕ ಇಳಿಸಬೇಕು. ಆ ಹುಡುಗ ಹುಡುಗಿಯರಲ್ಲಿ ಯಾರಾದರೂ ಮುಂದೊಂದು ದಿನ ಎಂಟುನೂರು ಕೆಜಿಯ ಎಲೆಕ್ಟ್ರಿಕ್ ಕಾರು ಮಾಡಿದರೆ, ಬುಕ್ಕಿಂಗ್ ಸಾಲಿನಲ್ಲಿ ನಾನು ಮೊದಲು ನಿಂತಿರುತ್ತೇನೆ.

ಹಾಗಾದರೆ ಯಾರಿಗೆ ಯಾವುದು

ಸ್ವಂತ ಮನೆ, ಶೆಡ್, ದಿನಕ್ಕೆ 25 ಕಿಲೋಮೀಟರ್‌ಗಿಂತ ಜಾಸ್ತಿ ಓಡಾಟ ಇದ್ದವರು ಎಲೆಕ್ಟ್ರಿಕ್ ತಗೊಳ್ಳಿ. ಆದರೆ ದೊಡ್ಡ ಬ್ಯಾಟರಿಯ ಆಸೆಗೆ ಬೀಳಬೇಡಿ. ದಿನಕ್ಕೆ 30 ಕಿಲೋಮೀಟರ್ ಅಂದರೆ 5 ಯೂನಿಟ್. ಸಾಮಾನ್ಯ 15 ಆಂಪಿಯರ್ ಪ್ಲಗ್ಗಿನಲ್ಲಿ ಎರಡು ಗಂಟೆಯೊಳಗೆ ತುಂಬುತ್ತದೆ. ವರ್ಷಕ್ಕೆ ಆರು ಸಲ ಬೆಂಗಳೂರಿಗೆ ಹೋಗಲೆಂದು 300 ದಿನ ಕ್ವಿಂಟಲ್‌ಗಟ್ಟಲೆ ಹೆಚ್ಚು ಬ್ಯಾಟರಿ ಹೊತ್ತು ತಿರುಗುವುದು ಯಾಕೆ? ಬೆಂಗಳೂರಿಗೆ ಬಸ್ಸಿದೆ, ರೈಲಿದೆ. ಸಣ್ಣ ಕಾರಿನಲ್ಲೇ ಹೋಗುವುದಾದರೆ ದಾರಿಯಲ್ಲಿ ಎರಡು ಸಲ ನಿಂತು ಚಾರ್ಜ್ ಮಾಡುವ ತಾಳ್ಮೆ ಇರಲಿ.

ಫ್ಲ್ಯಾಟ್‌ನಲ್ಲಿದ್ದು ಪ್ಲಗ್ ಸಿಗದವರಿಗೆ, ಮನೆಯಲ್ಲಿ ಒಂದೇ ಕಾರು ಇರಬೇಕಾದವರಿಗೆ, ಒಂದು ಟನ್ ಒಳಗಿನ ಹೊಸ ಪೆಟ್ರೋಲ್ ಕಾರು. ಘಾಟಿಯಲ್ಲೂ ಖುಷಿ ಕೊಡುತ್ತದೆ, ಕೆಟ್ಟರೂ ಕೈಗೆ ಸಿಗುವ ಜನ ಇದ್ದಾರೆ. ಕಾರಿನ ಅಡಿಭಾಗಕ್ಕೆ ರಬ್ಬರ್ ಕೋಟಿಂಗ್ ಹೊಸದಿದ್ದಾಗಲೇ ಮಾಡಿಸಿ. ವಿಮೆಯಲ್ಲಿ ಎಂಜಿನ್‌ಗೆ ನೀರು ಹೋದರೆ ಕೊಡುವ ಹೆಚ್ಚುವರಿ ರಕ್ಷಣೆ ಸೇರಿಸಿ. ನಮ್ಮಲ್ಲಿ ಅದು ಬೇಕೇ ಬೇಕು.

ಹಳೆಯ ಕಾರು ಎರಡನೇ ಕಾರಾಗಿ ಮಾತ್ರ. ಕಲಿಯುವ ಆಸೆ ಇರುವವರಿಗೆ.

ಅಳಿಯನಿಗೆ ನಾನು ಇದನ್ನೆಲ್ಲ ಹೇಳಿದೆ. ಅವನು ಪೆನ್ನು ಹಿಡಿದು ಲೆಕ್ಕ ಹಾಕಿದ. ದೊಡ್ಡ ಎಸ್‌ಯುವಿಯ ದುಡ್ಡಿನಲ್ಲಿ ಸಣ್ಣ ಬ್ಯಾಟರಿಯ ಹ್ಯಾಚ್‌ಬ್ಯಾಕ್ ಬರುತ್ತದೆ, ಮೇಲೆ ಶಿವಮೊಗ್ಗದ ಝೆನ್ ಬರುತ್ತದೆ, ಅದರ ರಿಪೇರಿಗೂ ಉಳಿಯುತ್ತದೆ. ಮರುದಿನವೇ ಎಲೆಕ್ಟ್ರಿಷಿಯನ್ ಕರೆಸಿದ. ಅರ್ಥಿಂಗ್ ಕೆಟ್ಟಿತ್ತು. ಕಟಪಾಡಿಯ ಆ ಕೆಂಪುಕಲ್ಲು ಕೊರೆದು ಹೊಸ ಗುಂಡಿ ತೆಗೆಯಲು ಎರಡು ದಿನ ಹಿಡಿಯಿತು. ಸಣ್ಣ ಕಾರು ಬುಕ್ ಆಗಿದೆ.

ಈ ಶನಿವಾರ ಝೆನ್ ನೋಡಲು ಶಿವಮೊಗ್ಗಕ್ಕೆ ಹೋಗುತ್ತೇವೆ. ಟಾರ್ಚ್, ಮ್ಯಾಗ್ನೆಟ್ ಚೀಲಕ್ಕೆ ಹಾಕಿಟ್ಟಿದ್ದೇನೆ. ಬೆಳಿಗ್ಗೆ ಐದೂವರೆಗೆ ನನ್ನ ಝೆನ್‌ನಲ್ಲೇ ಹೊರಡುವುದು. ಸೋಮೇಶ್ವರದವರೆಗೆ ನಾನು ಓಡಿಸುತ್ತೇನೆ, ಅಲ್ಲಿಂದ ಮೇಲೆ ಅವನು. ತಿರುವು ಎಣಿಸುವ ಕೆಲಸ ಈ ಸಲ ನನ್ನದು.